ಹತ್ತು ಸೆಂಟಿಮೀಟರ್

ಕಾಗದದ ಮೇಲೆ ಅದು ಹತ್ತೇ ಸೆಂಟಿಮೀಟರ್ ಇತ್ತು.
ಎಡತುದಿಗೆ ‘ನೋವಿಲ್ಲ’, ಬಲತುದಿಗೆ ‘ತಾಳಲಾಗದ ನೋವು’,
ನಡುವೆ ಏನೂ ಬರೆಯದ ಒಂದು ಗೆರೆ.
ಎಲ್ಲಿ ಬೇಕಾದರೂ ಗೀಟು ಹಾಕಿ, ಎನ್ನುತ್ತಿದ್ದೆ;
ಆಮೇಲೆ ಉಕ್ಕಿನ ಪಟ್ಟಿ ಇಟ್ಟು ಮಿಲಿಮೀಟರ್ ಎಣಿಸುತ್ತಿದ್ದೆ.
ಉಪ್ಪುಗಾಳಿಗೆ ಕಾಗದ ಮೆತ್ತಗಾಗಿ ಶಾಯಿ ಹರಡಿತು.
ಆಫೀಸಿನವರು ಟ್ಯಾಬ್ಲೆಟ್ ಕೊಟ್ಟರು.

ಟ್ಯಾಬ್ಲೆಟ್ಟಿನಲ್ಲಿ ಗೆರೆ ಹದಿನಾಲ್ಕು.
ನನ್ನ ಫೋನಿನಲ್ಲಿ ಆರು ಚಿಲ್ಲರೆ.
ಕೋಡಿಬಾಗದ ದವಾಖಾನೆಯ ಹಳೇ ಕಂಪ್ಯೂಟರಿನಲ್ಲಿ
ಇಪ್ಪತ್ತೇಳು, ಕೊಬ್ಬಿದ ಬಂಗಡೆಯಷ್ಟು ಉದ್ದ.
ಬಿಣಗಾದ ದಾಮೋದರ ತಾಂಡೇಲರ ಅದೇ ಭುಜ,
ಅದೇ ಬೆಳಗು, ಅದೇ ಸೆಳೆತ:
ದೊಡ್ಡ ಪರದೆಯಲ್ಲಿ ನೂರಕ್ಕೆ ನಲವತ್ತು,
ಸಣ್ಣದರಲ್ಲಿ ಅರವತ್ತೆರಡು.
ಭುಜ ಸುಳ್ಳು ಹೇಳಿರಲಿಲ್ಲ.
ಬಲೆಯ ಹಗ್ಗ ಜಗ್ಗಿ ಜಗ್ಗಿ ಚಪ್ಪಟೆಯಾದ ಹೆಬ್ಬೆರಳು
ಫೋನಿನ ಮೇಲಿಟ್ಟರೆ ಗೆರೆಯ ಕಾಲುಭಾಗ ಮುಚ್ಚಿಹೋಗುತ್ತದೆ.
ನೋವು ಅದರಡಿ ಎಲ್ಲೋ ಇದೆ, ಅಷ್ಟೇ ಗೊತ್ತು.

ಇನ್ನೊಂದು ಕೇಡು: ಜಾರಿಸುವ ಗುಂಡಿ
ಮೊದಲೇ ಗೆರೆಯ ನಡುವೆ ಬಂದು ನಿಂತಿರುತ್ತದೆ.
ಮರ್ಯಾದಸ್ಥರು ಅದನ್ನು ಅಲುಗಿಸುವುದಿಲ್ಲ.
‘ನೀವು ಇಟ್ಟಲ್ಲೇ ಇರಲಿ ಬಿಡಿ.’
ಹೀಗೆ ಮೂರು ದಿನ
ಮಾಜಾಳಿ ಇಡೀ ಊರು ಐವತ್ತರಷ್ಟು ನೋಯಿತು.
ಗುಂಡಿ ತೆಗೆಸಿದೆ. ಬಣ್ಣವನ್ನೂ ತೆಗೆಸಿದೆ.
ಹಸಿರಿನಿಂದ ಕೆಂಪಿಗೆ ತಿರುಗುವ ಆ ಚೆಂದದ ಪಟ್ಟಿ
ಹನ್ನೊಂದರ ಬಿಸಿಲಿಗೆ ಬರೀ ಬೂದಿ.

ಕಾಳಿಯ ನೀರು ಇಳಿಯುವುದನ್ನೇ ಕಾದು
ಸೊಂಟಮಟ್ಟ ಇಳಿದು, ಕಾಲಲ್ಲೇ ತಡಕಿ ಬಳಚು ಹೆಕ್ಕುವ
ಆನಂದಿಬಾಯಿ ಪೆಡ್ನೇಕರ ದಡಕ್ಕೆ ಬಂದಾಗ
ನಾನು ಫೋನಿಗೆ ಅಳತೆ ಕಲಿಸುತ್ತಿದ್ದೆ.
ಎಟಿಎಂ ಕಾರ್ಡು ಇದೆಯಾ ಬಾಯಿ?
ಯಾವ ಬ್ಯಾಂಕಿನದಾದರೂ ಒಂದೇ ಅಳತೆ.
ಸೊಂಟದ ಪ್ಲಾಸ್ಟಿಕ್ ಗಂಟು ಬಿಚ್ಚುತ್ತ ಅವಳು
‘ಪಿನ್ ಮಾತ್ರ ಹೇಳೂದಿಲ್ಲ’ ಅಂದಳು.
ಕಾರ್ಡಿನ ಗಿಡ್ಡ ಅಂಚನ್ನು ಗಾಜಿಗೆ ತಾಗಿಸಿ
ಪರದೆಯ ಚೌಕವನ್ನು ಅದಕ್ಕೆ ಸರಿಯಾಗಿ ಕೂಡಿಸಿದೆ.
ಈಗ ಗೆರೆ ಹತ್ತಕ್ಕೆ ಹತ್ತು.
ಫೋನು ಮಾತ್ರ ಅಷ್ಟಗಲವಿಲ್ಲ.
‘ತಾಳಲಾಗದ ನೋವು’ ಗಾಜಿನಾಚೆ ಹೋಯಿತು,
ನನ್ನ ಅಂಗೈ ಮುಗಿದಲ್ಲಿ, ಗಾಳಿಯಲ್ಲಿ.
‘ಹಾಂ, ಇದು ಸಮ ಇದೆ’ ಅಂದಳು.

ಫೋನು ಅಡ್ಡ ತಿರುಗಿಸಿದೆ. ತುದಿ ಮರಳಿ ಬಂತು.
ಅಕ್ಷರ ಕೂಡಿಸಿ ಕೂಡಿಸಿ ಓದಿದಳು.
‘ತಾಳಲಾಗದ್ದು ಅಂದ್ರೆ ಯಾವ್ದು?
ಬಂದದ್ದೆಲ್ಲ ತಾಳಿ ಆಯ್ತಲ್ಲ.
ತಾಳದೇ ಹೋದವರು ಯಾರಾದ್ರೂ ಬಂದು
ಇಲ್ಲಿ ಗೀಟು ಹಾಕಿದ್ದಾರಾ?’
ತರಬೇತಿಯ ಪುಸ್ತಿಕೆಯಲ್ಲಿ ಇದಕ್ಕೆ ಉತ್ತರವಿಲ್ಲ,
ಪ್ರಶ್ನೆಯನ್ನು ಇದ್ದಹಾಗೇ ಮತ್ತೊಮ್ಮೆ ಓದಬೇಕು ಅಂತಿದೆ.
ಓದಿದೆ.

ಅವಳು ಸೇತುವೆಯ ಕಂಬದತ್ತ ಗದ್ದ ಎತ್ತಿದಳು.
ಭರತದ ನೀರು ಏರಿ ಬಿಟ್ಟುಹೋದ ಕಪ್ಪು ಪಟ್ಟೆ,
ಕೆಳಗೆ ಚಿಪ್ಪು ಕಚ್ಚಿದ ಒರಟು.
‘ನೀರು ಅಲ್ಲಿದ್ದಾಗ ಮನೇಲಿ ಕೂತಿರ್ತೇನೆ, ಸೊಂಟ ಸುಮ್ನಿರ್ತದೆ.
ಅದು ಇಳಿದ ಹಾಗೆ ಇದು ಏರ್ತದೆ.
ನಿನ್ನ ಗೆರೆ ಮಲಗಿದೆ. ನಂದು ನಿಂತಿದೆ.’

ಆದರೂ, ಪಾಪ, ಬಿಸಿಲಲ್ಲಿ ಬಂದಿದ್ದೀ, ಎಂದು
ಹೆಬ್ಬೆರಳು ಸೆರಗಿಗೆ ಒರೆಸಿ ಒತ್ತಿದಳು.
ಪರದೆಗೆ ತಿಳಿಯಲಿಲ್ಲ. ನಾಲ್ಕು ತಾಸು ನೀರಲ್ಲಿ ನೆನೆದ ಬೆರಳಿಗೆ
ಗಾಜು ಓಗೊಡುವುದಿಲ್ಲ.
ತುಸು ಹೊತ್ತು ನನ್ನ ಮುಖ ನೋಡಿ
ಬೆರಳು ಮಡಚಿ ಗೆಣ್ಣಿನಿಂದ ಒತ್ತಿದಳು.
ಎಪ್ಪತ್ತೊಂದು.

ರಾತ್ರಿ ಕಾಜುಬಾಗದ ರೂಮಿನಲ್ಲಿ ಷರಾ ಬರೆದೆ:
ಗೆಣ್ಣು, ಬೆರಳಲ್ಲ. ಫೋನು ಅಡ್ಡ. ಇಳಿತ.
ಒರೆಸಲು ಹೊರಟವನು ನಿಂತೆ. ಗಾಜಿನ ಮೇಲೆ
ಅವಳ ಮೊದಲ ಒತ್ತು ಒಣಗಿ ಕೂತಿತ್ತು,
ಉಪ್ಪಿನ ಬಿಳಿ ಬೊಟ್ಟು, ಬಲಕ್ಕೆ ಸಾಕಷ್ಟು ದೂರ.
ಉಕ್ಕಿನ ಪಟ್ಟಿ ಹುಡುಕಿ ತಂದು ಇಟ್ಟೆ.
ಎಂಬತ್ತಾರು.